ಉಸ್ತಾದನ ಕಿವಿ

ಕಾಸಾರಶಿರಸಿಯ ಒಬ್ಬ ಕಿರಾಣಿ ವ್ಯಾಪಾರಿಯ ಮನೆಗೆ ಗೃಹಪ್ರವೇಶ ಮಾಡಿಸಲು ಹೋಗಿದ್ದೆ. ಪೂಜೆ ಮುಗಿದು ಊಟಕ್ಕೆ ಕೂತಾಗ ಉದಗೀರದಿಂದ ಫೋನು ಬಂತು. ಉಸ್ತಾದ ತೀರಿಕೊಂಡನಂತೆ. ಮಗಳ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಬಸಿಯನ್ನು ಕೆಳಗಿಟ್ಟು, ಗೋಡೆಗೆ ಒರಗಿದವನು ಮತ್ತೆ ಏಳಲಿಲ್ಲವಂತೆ. ಫೋನು ಇಟ್ಟು ಎಲೆ ನೋಡಿದೆ. ಹೋಳಿಗೆ ಬಡಿಸಿದ್ದರು. ಸಾವಿನ ಸುದ್ದಿ ಕೇಳಿದ ಮೇಲೆ ಎಲೆ ಬಿಟ್ಟು ಏಳಬೇಕಿತ್ತೋ ಏನೋ, ನಾನು ಏಳಲಿಲ್ಲ. ತುಪ್ಪ ಹಾಕಿಸಿಕೊಂಡು ಎರಡೂ ಹೋಳಿಗೆ ತಿಂದೆ. ಮೂರನೆಯದು ಬೇಡ ಅನ್ನುವಾಗ ಮಾತ್ರ ದನಿ ಒಡೆಯಿತು. ಮನೆಯ ಯಜಮಾನ ಗಾಬರಿಯಾಗಿ, "ಯಾಕ್ರಿ ಅಯ್ಯಾವ್ರ, ಹೋಳಿಗಿ ಛಲೋ ಆಗಿಲ್ಲೇನ್ರಿ?" ಎಂದ.

ಉಸ್ತಾದನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೂ ಗಡಿಯಾಚೆಯ ನಮ್ಮ ಉಮರ್ಗಾದಲ್ಲಿ ಯಾರಿಗೂ ಗುರುತು ಹತ್ತುವುದಿಲ್ಲ. ಎಲ್ಲರಿಗೂ ಅವನು ಉಸ್ತಾದ. ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಅದು ಸೊಕ್ಕು ಎಂದು ನಾನು ಮೊದಮೊದಲು ತಿಳಿದಿದ್ದೆ. ಅವನು ನನಗಿಂತ ಎರಡು ವರ್ಷ ದೊಡ್ಡವನು, ಆದರೂ ಬಹುವಚನ ಹಚ್ಚುತ್ತಿಲ್ಲ. ಹಚ್ಚಿದ್ದರೆ ಬಿದ್ದು ಬಿದ್ದು ನಗುತ್ತಿದ್ದ.

ಹೆದ್ದಾರಿಯ ಪಕ್ಕದಲ್ಲಿ, ಶಾಲೆಯ ಮೈದಾನದ ಎದುರಿಗೆ ಅವನ ತಗಡಿನ ಶೆಡ್ಡು. ಅಲ್ಲಿಗೆ ಹಳೆಯ ಪೆಟ್ರೋಲ್ ಕಾರುಗಳಷ್ಟೇ ಬರುತ್ತಿದ್ದವು, ಅದೂ ಒಂದೇ ರೋಗಕ್ಕೆ. ಚಾಲೂ ಆಗುವುದಿಲ್ಲ, ಆಯಿತೆಂದರೆ ಕೆಮ್ಮುತ್ತದೆ, ಏರಿನಲ್ಲಿ ಉಸಿರು ಬಿಡುತ್ತದೆ, ಕಾದ ಮೇಲೆ ಸತ್ತೇ ಹೋಗುತ್ತದೆ. ಒಟ್ಟಿನಲ್ಲಿ ಕಿಡಿಯ ಕೆಲಸ. ಬೇರೆ ಯಾವುದಕ್ಕೂ ಕೈ ಹಾಕುತ್ತಿರಲಿಲ್ಲ. ಬ್ರೇಕು ಹಿಡಿಯುವುದಿಲ್ಲ ಎಂದು ಒಬ್ಬರು ಬಂದರೆ, "ನಾ ಗಾಡಿ ಚಾಲೂ ಮಾಡೋಂವಾ. ನಿಂದ್ರಸೋಂವಾ ಬ್ಯಾರೆ ಅದಾನ, ಹಿಂದಿನ ಓಣ್ಯಾಗ ನೋಡ್ರಿ" ಎಂದು ಕಳಿಸಿಬಿಡುತ್ತಿದ್ದ. ಡೀಸೆಲ್ ಗಾಡಿಯನ್ನಂತೂ ಶೆಡ್ಡಿನ ನೆರಳಿಗೂ ಬಿಟ್ಟುಕೊಳ್ಳುತ್ತಿರಲಿಲ್ಲ. "ಅದಕ್ಕ ಕಿಡೀನೇ ಬ್ಯಾಡ. ಅದು ಗಾಡಿ ಅಲ್ರಿ, ನಾಕ ಗಾಲಿ ಹಚ್ಚಿದ ಹಿಟ್ಟಿನ ಗಿರಣಿ" ಎನ್ನುತ್ತಿದ್ದ. ಊರ ತುಂಬ ಹಿಟ್ಟಿನ ಗಿರಣಿಗಳೇ ಓಡಾಡತೊಡಗಿದ ಕಾಲ ಅದು. ಉಮರ್ಗಾ, ನಿಲಂಗಾ, ಉದಗೀರ ಮೂರೂ ಕಡೆಯದು ಸೇರಿಸಿದರೂ ಅವನ ಪಾಲಿಗೆ ಹತ್ತು ಹನ್ನೆರಡು ಗಾಡಿ ಉಳಿದಿದ್ದಾವು.

ಅದರಲ್ಲಿ ಒಂದು ನಮ್ಮ ಮಠದ್ದು. ನಾನು ಜಂಗಮ. ಗುಂಜೋಟಿಯಿಂದ ಹಿಡಿದು ನಿಲಂಗಾದವರೆಗೆ ಭಕ್ತರ ಮನೆಗಳಲ್ಲಿ ಪೂಜೆ, ಅಯ್ಯಾಚಾರದ ದೀಕ್ಷೆ, ಲಗ್ನ ಮಾಡಿಸುವುದು ನನ್ನ ಕಾಯಕ. ಭಕ್ತರೊಬ್ಬರು ತಮ್ಮ ತಂದೆಯ ಕಾಲದ ಅಂಬಾಸಿಡರನ್ನು ಮಠಕ್ಕೆ ಕಾಣಿಕೆ ಕೊಟ್ಟಿದ್ದರು. ಪುಣ್ಯಕ್ಕೆ ಕೊಟ್ಟರೋ ಪೀಡೆ ಕಳೆಯಲೆಂದು ಕೊಟ್ಟರೋ ನಾನು ಕೇಳಲಿಲ್ಲ. ಅದು ಮುಹೂರ್ತ ನೋಡಿಕೊಂಡು ಕೆಡುತ್ತಿತ್ತು.

ಉಸ್ತಾದನ ಕಿವಿಯ ಖ್ಯಾತಿಯನ್ನು ಕೇಳಿಯೇ ನಾನು ಅವನಲ್ಲಿಗೆ ಹೋದದ್ದು. ಹೋಟೆಲಿನ ಬೆಂಚಿನ ಮೇಲೆ ರಸ್ತೆಗೆ ಬೆನ್ನು ಮಾಡಿ ಕೂತಿರುತ್ತಿದ್ದನಂತೆ. ಹಿಂದೆ ಕಾರು ಹೋದರೆ ತಲೆ ಎತ್ತದೆ, "ಮೂರನೇ ಪ್ಲಗ್ಗ ಹೋಗ್ಯದ, ಮುಂದ ಘಾಟಿನಾಗ ನಿಂದರ್ತದ" ಎನ್ನುತ್ತಿದ್ದನಂತೆ. ಅದು ಹಾಗೆಯೇ ನಿಂತು, ಅದನ್ನು ಹಗ್ಗ ಕಟ್ಟಿ ವಾಪಸು ಇವನ ಶೆಡ್ಡಿಗೇ ಎಳೆತರುತ್ತಿದ್ದರಂತೆ. ಡಾಕ್ಟರು ನಾಡಿ ಹಿಡಿಯುತ್ತಾರೆ, ನಮ್ಮ ಉಸ್ತಾದ ಕಿವಿ ಕೊಡುತ್ತಾನೆ ಎಂದು ಊರಿನ ಮಂದಿ ಹೊರಗಿನವರ ಮುಂದೆ ಜಂಬ ಕೊಚ್ಚುತ್ತಿದ್ದರು. ಇದೆಲ್ಲ ಕಿಲ್ಲಾರಿಯ ಭೂಕಂಪಕ್ಕಿಂತ ಮೊದಲಿನ ಮಾತು. ನಾನು ಹೋದದ್ದು ಭೂಕಂಪವಾಗಿ ಐದಾರು ವರ್ಷದ ಮೇಲೆ.

ಹೋದೆನಲ್ಲ, ಗಾಡಿ ತೋರಿಸಿದೆ. ಅವನು ಗಾಡಿಯ ಕಡೆ ನೋಡಲೇ ಇಲ್ಲ. ನನ್ನನ್ನು ಒಂದು ಸ್ಟೂಲಿನ ಮೇಲೆ ಕೂರಿಸಿ, ತಾನು ಎದುರಿಗೆ ಕುಕ್ಕರುಗಾಲಲ್ಲಿ ಕೂತು, ನನ್ನ ಮುಖವನ್ನೇ ದಿಟ್ಟಿಸಿದ.

"ಹ್ಯಾಂಗ ಸಪ್ಪಳ ಮಾಡ್ತದ, ಬಾಯಿಲೆ ಮಾಡಿ ತೋರಸ್ರಿ."

"ಗಾಡಿ ಇಲ್ಲೇ ಅದಲ್ಲೋ. ಚಾಲೂ ಮಾಡ್ತೀನಿ, ಕೇಳು."

"ಗಾಡಿ ಸುಳ್ಳ ಹೇಳ್ತದರಿ. ಡಾಕ್ಟರ್ ಮುಂದ ಹೋದ್ರ ಕೆಮ್ಮ ಬರಂಗಿಲ್ಲ, ಹಂಗ. ನೀವ ಮಾಡ್ರಿ."

ಮೈಮೇಲೆ ಕಾವಿ, ಹಣೆಯಲ್ಲಿ ಮೂರು ಬೆರಳು ವಿಭೂತಿ, ರಸ್ತೆಯಲ್ಲಿ ನಾಲ್ಕಾರು ಭಕ್ತರು. ನಾನು ಗಂಟಲು ಸರಿಮಾಡಿಕೊಂಡು, "ಪಟ್, ಪಟ್, ಪಟ್... ಪಟ್, ಪಟ್, ಪಟ್... ಭುಸ್" ಎಂದೆ. ಅವನು ಕಣ್ಣು ಕಿರಿದು ಮಾಡಿ ನನ್ನ ಗಲ್ಲ, ತುಟಿ, ಹುಬ್ಬುಗಳನ್ನೆಲ್ಲ ಪರೀಕ್ಷಿಸಿ, "ಹೊಳ್ಳಿ ಒಮ್ಮಿ. ಜರಾ ಜೋರಲೆ. ಏರ ಏರೂ ಮುಂದ ಹ್ಯಾಂಗ?" ಎಂದ. ನಾನು ಏರು ಏರಿದೆ. ಭಕ್ತರಲ್ಲೊಬ್ಬ ಕೈಮುಗಿದ. ಯಾವುದೋ ಹೊಸ ಮಂತ್ರ ಎಂದುಕೊಂಡಿರಬೇಕು.

"ತಾಳಕ್ಕ ಬರೋಬರ್ ನಾಕನೇ ಏಟ ತಪ್ಪಲಿಕತ್ತದ. ಒಂದ ಪ್ಲಗ್ಗಿಂದು," ಎಂದು ಎದ್ದ. ಬಾನೆಟ್ ತೆರೆದು ಒಂದು ಪ್ಲಗ್ಗು ಬಿಚ್ಚಿ, ಕಪ್ಪು ಹಿಡಿದದ್ದನ್ನು ತೋರಿಸಿ, ಒರೆಸಿ ಹಾಕಿದ. ಗಾಡಿ ಬೆಣ್ಣೆಯ ಹಾಗೆ ಹೊರಟಿತು.

ಅವನ ಶಾಸ್ತ್ರ ಬಹಳ ಸರಳವಾಗಿತ್ತು. ತಾಳಕ್ಕೆ ಸರಿಯಾಗಿ ಒಂದೇ ಏಟು ತಪ್ಪಿದರೆ ಪ್ಲಗ್ಗು ಅಥವಾ ಅದರ ವೈರು. ತಾಳವೇ ಇಲ್ಲದೆ ಕಂಡ ಹಾಗೆ ಕೆಮ್ಮಿದರೆ ಪಾಯಿಂಟು. ಚೆನ್ನಾಗಿ ಓಡಿ, ಕಾದು, ಸುಮ್ಮನೆ ಮೂರ್ಛೆ ಹೋಗಿ, ಅರ್ಧ ತಾಸು ಬಿಟ್ಟರೆ ತಾನೇ ಎದ್ದು ಕೂತರೆ ಕಿಡಿ ಹುಟ್ಟಿಸುವ ಕಾಯಿಲ್. ಇಷ್ಟನ್ನು ಅವನು ಊರಿನ ದೊಡ್ಡ ದೊಡ್ಡ ಮನುಷ್ಯರ ಬಾಯಿಂದ ಹೊರಡಿಸುತ್ತಿದ್ದ. ನಿವೃತ್ತ ಪೊಲೀಸ್ ಫೌಜದಾರರೊಬ್ಬರಿದ್ದರು. ಮೀಸೆ ನೋಡಿದರೆ ಎಮ್ಮೆ ಕೂಡ ದಾರಿ ಬಿಡುತ್ತಿತ್ತು. ಅವರು ಸ್ಟೂಲಿನ ಮೇಲೆ ಕೂತು ಸಣ್ಣ ದನಿಯಲ್ಲಿ "ಕುಂಯ್, ಕುಂಯ್" ಎನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಉದಗೀರದ ಅರಿವೆ ಅಂಗಡಿಯ ಮನೆತನದ ಹಿರಿಯ ಅಮ್ಮನವರೊಬ್ಬರು ಡ್ರೈವರನನ್ನು ಕರೆದುಕೊಂಡು ತಾವೇ ಬರುತ್ತಿದ್ದರು. ಅವರ ಸಪ್ಪಳಕ್ಕೆ ಸಾಟಿಯೇ ಇರಲಿಲ್ಲ. ಕೆಮ್ಮು, ಬಿಕ್ಕಳಿಕೆ, ಸೈಲೆನ್ಸರಿನ ಢಮ್ ಎಲ್ಲವೂ ಬರುತ್ತಿತ್ತು. ಉಸ್ತಾದ ಕೈಮುಗಿದು, "ಅವ್ವಾರ, ಮುಂದಿನ ಸಲ ಗಾಡಿ ತರಬ್ಯಾಡ್ರಿ. ನೀವ ಬಸ್ಸಿಗಿ ಬಂದ್ರ ಸಾಕು, ಹೇಳಿ ಕಳಸ್ತೀನಿ" ಎಂದಿದ್ದ. ಇದೆಲ್ಲ ಅವನ ಕಿತಾಪತಿ, ದೊಡ್ಡವರನ್ನು ಆಟ ಆಡಿಸುವ ಚಾಳಿ ಎಂದು ಊರು ನಗುತ್ತಿತ್ತು. ನಾನೂ ನಗುತ್ತಿದ್ದೆ.

ಇನ್ನು ಪಾಯಿಂಟಿನ ಸಂಗತಿ. ಕಿಡಿಯನ್ನು ಬಿಟ್ಟು ಬಿಟ್ಟು ಕಳಿಸಲು ತೆರೆದು ಮುಚ್ಚುವ ಎರಡು ಸಣ್ಣ ಲೋಹದ ಮೊಗ್ಗುಗಳಿಗೆ ಪಾಯಿಂಟು ಎನ್ನುತ್ತಾರೆ. ಅವು ತೆರೆದಾಗ ನಡುವೆ ಇಷ್ಟೇ ಸಂದು ಇರಬೇಕು ಎಂಬ ಲೆಕ್ಕವಿದೆ. ಬೇರೆ ಮೆಕ್ಯಾನಿಕರು ಅದನ್ನು ಅಳೆಯಲು ಉಕ್ಕಿನ ಗೇಜು ಇಟ್ಟುಕೊಂಡಿದ್ದರೆ ಇವನು ಲಗ್ನಪತ್ರಿಕೆ ಇಟ್ಟುಕೊಂಡಿದ್ದ. ಅದರ ರಟ್ಟು ಆ ಸಂದಿಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಲಗ್ನ ಮಾಡಿಸುವ ನನ್ನಂಥವನ ಸ್ನೇಹ ಅವನಿಗೆ ರುಚಿಸಿದ್ದು ಅದಕ್ಕೇ ಇರಬೇಕು. ಹಳೆಯ ಪತ್ರಿಕೆಗಳ ಕಟ್ಟು ಒಯ್ದು ಕೊಡುತ್ತಿದ್ದೆ. ಒಂದೊಂದನ್ನೂ ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ ತೀರ್ಪು ಕೊಡುತ್ತಿದ್ದ. "ಈ ಲಗ್ನ ಭಾಳ ತೆಳ್ಳಗದ, ನಡಿಯಂಗಿಲ್ಲ." "ಇದು ಬರೋಬರ್ ಅದ. ಪೋರಿ ಕಡಿಯವರು ಶ್ಯಾಣ್ಯಾರ ಇರಬೇಕು." ಬಂಗಾರದ ಅಕ್ಷರದ, ಮುಟ್ಟಿದರೆ ಹಲಗೆಯಂತಿದ್ದ ಒಂದು ಶ್ರೀಮಂತರ ಪತ್ರಿಕೆಯನ್ನು ಹಿಂದಕ್ಕೆ ಕೊಟ್ಟು, "ಇದರಲೆ ಗಾಡಿಯಂತೂ ಚಾಲೂ ಆಗಂಗಿಲ್ರಿ. ಸಂಸಾರ ಆದ್ರ ಆಗ್ಲಿ" ಎಂದ.

ಗುಟ್ಟು ಬಯಲಾದದ್ದು ಒಂದು ಮಧ್ಯಾಹ್ನ. ಸುಗ್ಗಿಯ ದಿನ, ಅಡತಿ ಬಜಾರಿನ ಕಡೆಯಿಂದ ಧೂಳೋ ಧೂಳು. ಮುಖಕ್ಕೆ ಉತ್ತರೀಯ ಸುತ್ತಿಕೊಂಡೇ ಹೋಗಿ ಸ್ಟೂಲಿನ ಮೇಲೆ ಕೂತು ಸಪ್ಪಳ ಶುರು ಮಾಡಿದೆ. ಅವನು ಬಗ್ಗಿದ, ವಾಲಿದ, ಕೊನೆಗೆ ಸಿಡುಕಿ, "ಅರಿವಿ ತಗೀರಿ. ಬಾಯಿ ಕಾಣಬೇಕ್ರಿ" ಎಂದ. ಕಾಣಬೇಕೇ? ಎಂದು ಒಂದು ಕ್ಷಣ ಅನಿಸಿತು, ಬಿಟ್ಟೆ.

ಆಮೇಲೆ ಅವನು ಬಾನೆಟ್ಟಿನೊಳಗೆ ತಲೆ ಹಾಕಿ ನಿಂತ. ಅವನ ಬೆನ್ನ ಹಿಂದೆ ಕಬ್ಬಿನ ಲಾರಿಯೊಂದು ಹಿಮ್ಮುಖವಾಗಿ ಬರತೊಡಗಿತು. ಕ್ಲೀನರ್ ತಗಡು ಬಡಿಯುತ್ತಿದ್ದ. ಡ್ರೈವರ್ ಹಾರ್ನು ಒತ್ತಿ ಹಿಡಿದಿದ್ದ. ಹೋಟೆಲಿನ ಮಂದಿ ಎದ್ದು ನಿಂತು ಕೂಗಿದರು. ಉಸ್ತಾದ ಮಾತ್ರ ಏನೂ ಆಗಿಲ್ಲವೆಂಬಂತೆ ಪ್ಲಗ್ಗು ಒರೆಸುತ್ತಿದ್ದ. ನಾನು ಅಂಗಿಯ ಕೊರಳು ಹಿಡಿದು ಎಳೆದೆ. ಇಬ್ಬರೂ ಹಳೆ ಟೈರುಗಳ ಮೇಲೆ ಬಿದ್ದೆವು. ಲಾರಿಯ ಹಿಂಬದಿ ಅವನು ನಿಂತಿದ್ದ ಜಾಗಕ್ಕೆ ಬಂದು ನಿಂತಿತು.

ಅವನು ಲಾರಿಯನ್ನು ನೋಡಿದ, ನನ್ನನ್ನು ನೋಡಿದ.

"ಹಾರ್ನ್ ಹೊಡದ್ನೇನ್ರಿ?"

"ಹೊಡದ."

"ಭಾಳ ಹೊಡದ್ನೇನು?"

"ಉದಗೀರಕ್ಕ ಕೇಳಸೂ ಹಂಗ ಹೊಡದ."

ಅವನು ಎದ್ದು, ನನ್ನ ಕೈ ಹಿಡಿದು ಶೆಡ್ಡಿನ ಒಳಗೆ ಕರೆದೊಯ್ದು ತಗಡಿನ ಬಾಗಿಲು ಮುಂದೆ ಮಾಡಿದ. ಅಷ್ಟು ದಿನದಲ್ಲಿ ಅವನ ಮುಖದ ಮೇಲೆ ತುಂಟತನವಿಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು.

ಭೂಕಂಪವಾದ ಮರುದಿನವೇ ಅವನು ಸ್ಪ್ಯಾನರು, ಇಕ್ಕಳಗಳ ಹತ್ಯಾರದ ಚೀಲ ಹೆಗಲಿಗೇರಿಸಿ ಕಿಲ್ಲಾರಿಯ ಕಡೆ ಹೋಗಿದ್ದ. ದವಾಖಾನೆಯ ಡೇರೆಗಳಿಗೆ ಬೆಳಕು ಕೊಡುವ ಜನರೇಟರುಗಳು ಅವನ ಪಾಲಿಗೆ ಬಂದವು. ಮೂರು ತಿಂಗಳು ಅವುಗಳ ಪಕ್ಕದಲ್ಲೇ ಉಂಡು, ಅವುಗಳ ಪಕ್ಕದಲ್ಲೇ ಮಲಗಿದ. ಊರಿಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್ ಎನ್ನತೊಡಗಿತು. ವರ್ಷವೆರಡು ವರ್ಷದಲ್ಲಿ ಆ ಗುಂಯ್ ಕೂಡ ನಿಂತಿತು. "ಜನರೇಟರ್ ಮ್ಯಾಗ ಸಿಟ್ಟಿಲ್ರಿ," ಎಂದ. "ಅವು ನಿಂತಿದ್ರ ಡಾಕ್ಟರ್‌ಗ ಕೈಯಾಗಿನ ಸೂಜಿ ಕಾಣ್ತಿದ್ದಿಲ್ಲ."

"ಮತ್ತ ಡಾಕ್ಟರ್‌ಗ ಯಾಕ ತೋರಸಿಲ್ಲ? ಕಿವಿಗಿ ಮಷೀನ್ ಬರ್ತಾವಲ್ಲ."

"ಮಷೀನ್ ಹಾಕೊಂಡ್ರ ಮಂದಿಗಿ ಕಾಣ್ತದ. ನನ್ನ ಹೆಸರ ಇರೂದೇ ಕಿವೀದು, ಅಯ್ಯಾವ್ರ. ಉಸ್ತಾದ ಕಿವಡ ಆಗ್ಯಾನ ಅಂದ್ರ ಯಾಂವ ಬರ್ತಾನ್ರಿ? ಮೊದಲೇ ಎಲ್ಲಾರೂ ಗಿರಣಿ ಕೊಳ್ಳಲಿಕತ್ತಾರ. ಇರೋ ನಾಕ ಗಾಡಿನೂ ಹೋದ್ರ ನಾ ಈ ಶೆಡ್ಡಿನಾಗ ಕುಂತ ಏನ ಮಾಡ್ಲಿ? ಲಿಂಗ ಮುಟ್ಟಿ ಹೇಳ್ರಿ, ಯಾರ ಮುಂದೂ ಬಾಯಿ ಬಿಡಂಗಿಲ್ಲ ಅಂತ."

ಕೊರಳಲ್ಲಿದ್ದ ಲಿಂಗದ ಮೇಲೆ ಕೈಯಿಟ್ಟು ಆಣೆ ಮಾಡಿದೆ. ನನಗೆ ನಿಜವಾಗಿ ಸಂಕಟವಾಯಿತು. ಅದರ ಜೊತೆಗೇ, ಫೌಜದಾರರು ಕುಂಯ್ ಅಂದದ್ದು ಯಾತಕ್ಕೆ ಎಂದು ಹೊಳೆದು ನಗುವೂ ಬಂತು. ನಾನು ನಕ್ಕದ್ದನ್ನು ನೋಡಿ ಅವನೂ ನಕ್ಕ.

ಅಂದಿನಿಂದ ನಾನು ಅವನ ಕಳ್ಳತನದಲ್ಲಿ ಪಾಲುಗಾರನಾದೆ. ಓಡುತ್ತಿರುವ ಎಂಜಿನ್ನಿನ ಪ್ಲಗ್ ವೈರುಗಳನ್ನು ಒಂದೊಂದಾಗಿ ಎಳೆದು ನೋಡುವ ಪರೀಕ್ಷೆಯೊಂದಿದೆ. ವೈರು ಎಳೆದಾಗ ಸಪ್ಪಳ ಬದಲಾದರೆ ಆ ಪ್ಲಗ್ಗು ಕೆಲಸ ಮಾಡುತ್ತಿದೆ, ಬದಲಾಗದಿದ್ದರೆ ಅದೇ ಸತ್ತದ್ದು. ಒಂಟಿಯಾಗಿದ್ದಾಗ ಅವನು ಇನ್ನೊಂದು ಅಂಗೈಯನ್ನು ಮಡ್ಗಾರ್ಡಿನ ಮೇಲಿಟ್ಟು ಅದರ ನಡುಕದಿಂದಲೇ ತಿಳಿಯುತ್ತಿದ್ದ. ನಾನಿದ್ದರೆ, ಸಪ್ಪಳ ಬದಲಾದಾಗ ಗಡ್ಡ ಕೆರೆದುಕೊಳ್ಳಬೇಕು ಎಂದು ಒಪ್ಪಂದವಾಯಿತು. ದಿನಕ್ಕೆ ಹತ್ತು ಸಲ ಕೆರೆದು ಕೆರೆದು, ಅಯ್ಯನವರ ಗಡ್ಡದಲ್ಲಿ ಹೇನಾಗಿವೆ ಎಂಬ ಸುದ್ದಿ ಗುಂಜೋಟಿಯವರೆಗೆ ಹೋಯಿತು. ಭಕ್ತೆಯೊಬ್ಬಳು ಬೇವಿನೆಣ್ಣೆ ತಂದುಕೊಟ್ಟಳು. ಇಸಗೊಂಡೆ. ಆಣೆ ಮಾಡಿದವನು ಮತ್ತೇನು ಮಾಡಬೇಕು?

ನಿಲಂಗಾದ ವಕೀಲರ ಪ್ರಸಂಗವನ್ನು ಹೇಳಲೇಬೇಕು. ಅವರು ದೇವರು, ದಿಂಡರು, ಜಂಗಮರು ಯಾರನ್ನೂ ನಂಬುವವರಲ್ಲ, ನನ್ನನ್ನು ಕಂಡರೆ ಬೇಕೆಂದೇ ಕೈಮುಗಿಯುತ್ತಿರಲಿಲ್ಲ. ಒಂದು ದಿನ ಅವರ ಗಾಡಿ ಸೈಲೆನ್ಸರಿನಿಂದ ಪಟಾಕಿ ಹಾರಿಸುತ್ತ ಹಗ್ಗದ ಹಿಂದೆ ಬಂತು.

"ಯಾರರೆ ಕೈ ಹಚ್ಚಿದ್ರೇನ್ರಿ?" ಎಂದು ಉಸ್ತಾದ ಕೇಳಿದ.

"ಯಾರೂ ಮುಟ್ಟಿಲ್ಲ. ನಿಂತ ಗಾಡಿ ನಿಂತಂಗ ಕೆಟ್ಟದ," ಎಂದರು ವಕೀಲರು, ಕೋರ್ಟಿನಲ್ಲಿ ನಿಂತ ಹಾಗೆ.

ಉಸ್ತಾದ ಬಾನೆಟ್ ಎತ್ತಿ ಒಂದು ಸಲ ನೋಡಿ ಮುಚ್ಚಿದ. ನಾಲ್ಕು ಪ್ಲಗ್ಗುಗಳಿಗೆ ಕಿಡಿ ಒಂದು ಸರದಿಯಲ್ಲಿ ಹೋಗಬೇಕು. ವಕೀಲರು ಮನೆಯಲ್ಲಿ ತಾವೇ ವೈರು ಬಿಚ್ಚಿ ಒರೆಸಿ, ಸರದಿ ತಪ್ಪಿಸಿ ಎರಡನ್ನು ಅದಲುಬದಲು ಹಾಕಿದ್ದರು. ಅವರ ಅಂಗಿಯ ತೋಳಿನ ತುದಿಗೆ ಮಸಿ ಇನ್ನೂ ಹಾಗೇ ಇತ್ತು.

"ಯಾರೂ ಮುಟ್ಟಿಲ್ಲ ಅಂದ್ರ ಇದು ನನ್ನ ಕೈಯಾಗಿನ ಕೆಲಸ ಅಲ್ರಿ," ಎಂದು ಉಸ್ತಾದ ದೊಡ್ಡ ನಿಟ್ಟುಸಿರು ಬಿಟ್ಟ. "ಗಾಡಿಗಿ ಏನೋ ಹೊಕ್ಕದ. ನಸೀಬಕ್ಕ ಅಯ್ಯಾವ್ರ ಇಲ್ಲೇ ಅದಾರ. ಒಂದ ಟೆಂಗ ಒಡಸ್ರಿ."

ವಕೀಲರು ನಕ್ಕರು, ಬೈದರು, ಗಡಿಯಾರ ನೋಡಿದರು. ಕೋರ್ಟಿಗೆ ಹೊತ್ತಾಗಿತ್ತು. ಕೊನೆಗೆ ತಾವೇ ಹೋಗಿ ಟೆಂಗಿನಕಾಯಿ ತಂದರು. ನಾನು ಅವರನ್ನು ಗಾಡಿಯ ಹಿಂದೆ ಪೂರ್ವಕ್ಕೆ ಮುಖ ಮಾಡಿ ಕಣ್ಣುಮುಚ್ಚಿ ನಿಲ್ಲಿಸಿ, ಇದ್ದಬದ್ದ ಮಂತ್ರವನ್ನೆಲ್ಲ ಹೇಳತೊಡಗಿದೆ. ಮುಂದೆ ಉಸ್ತಾದ ಎರಡು ವೈರು ಬದಲಿಸಿದ. ಕಾಯಿ ಒಡೆಯಿತು, ಗಾಡಿ ಎದ್ದಿತು. ವಕೀಲರು ಒಂದು ಹೋಳನ್ನು ಮಾತಿಲ್ಲದೆ ಕೈಗೆ ತಗೊಂಡು ಹೋದರು. ಇನ್ನೊಂದು ಹೋಳನ್ನು ನಾವಿಬ್ಬರೂ ಬೆಲ್ಲದ ಜೊತೆ ತಿಂದೆವು. ಪಾಪ ಬಂದಿದ್ದರೆ ಇಬ್ಬರಿಗೂ ಸಮ ಸಮ ಬಂದಿರುತ್ತದೆ.

ಭೂಕಂಪದ ನಂತರ ನಮ್ಮ ಕಡೆ ಶಿಬಿರಗಳಿಗೆ ಕೊರತೆಯಿಲ್ಲ. ಕಣ್ಣಿನದು, ಹಲ್ಲಿನದು, ಮೊಣಕಾಲಿನದು, ಎಲ್ಲ ಬಂದು ಹೋದವು. ಒಂದು ವರ್ಷ ದೂರದೂರಿನವರು ಕಿವಿಯ ತಪಾಸಣೆ ಇಟ್ಟುಕೊಂಡರು, ಅದೂ ಶಾಲೆಯ ಮೈದಾನದಲ್ಲಿ, ಉಸ್ತಾದನ ಶೆಡ್ಡಿನ ನೇರ ಎದುರಿಗೆ. ಕೇಳದವರಿಗೆ ಮಷೀನು ಪುಕ್ಕಟೆ. ವಾರ ಮೊದಲೇ ಶಾಲೆಯ ಗೇಟಿಗೆ ಒಂದು ತಗಡಿನ ಡಬ್ಬ ತೂಗುಹಾಕಿದ್ದ‌ರು. ಕಿವಿ ಕೇಳದವರ ಹೆಸರು, ಕೆಳಗೆ ಹೆಸರು ಕೊಟ್ಟವರ ಹೆಸರು, ಚೀಟಿ ಬರೆದು ಹಾಕಬೇಕು.

ನಾನು ನಾಲ್ಕು ದಿನ ಆ ಡಬ್ಬದ ಮುಂದೆ ಸುಳಿದಾಡಿದೆ. ಹಿಂದಿನ ತಿಂಗಳು ಅವನು ಇನ್ನೊಂದು ಗಾಡಿಯಿಂದ ಸ್ವಲ್ಪದರಲ್ಲಿ ಪಾರಾಗಿದ್ದ. ಪ್ರತಿ ಸಲ ಎಳೆಯಲು ನಾನು ಅಲ್ಲಿರುತ್ತೇನೆಯೇ? ಆದರೆ ಆಣೆ ಮಾಡಿದ್ದೆನಲ್ಲ. ಐದನೆಯ ದಿನ ಶಾಸ್ತ್ರವನ್ನು ಕೂಲಂಕಷವಾಗಿ ವಿಚಾರ ಮಾಡಿದೆ. ಬಾಯಿ ಬಿಡುವುದಿಲ್ಲ ಎಂದು ಆಣೆ, ಬರೆಯುವುದಿಲ್ಲ ಎಂದಲ್ಲ. ಮಂದಿಯಿಲ್ಲದ ಹೊತ್ತು ನೋಡಿ ಚೀಟಿ ಹಾಕಿ, ಹಿಂದೆ ನೋಡದೆ ಮಠಕ್ಕೆ ನಡೆದೆ.

ಶಿಬಿರದ ದಿನ, ನನಗೆ ಅಲ್ಲೇನೂ ಕೆಲಸವಿಲ್ಲದಿದ್ದರೂ, ಹೋಗಿ ಬೇವಿನ ಮರದ ಕೆಳಗೆ ನಿಂತೆ. ಫೌಜದಾರರೂ ಬಂದಿದ್ದರು. ಬಂದೋಬಸ್ತು ಹೇಗಿದೆ ನೋಡಲು ಬಂದೆ ಎಂದರು. ನಿವೃತ್ತರಾಗಿ ಆರು ವರ್ಷವಾಗಿತ್ತು. ಉದಗೀರದ ಅಮ್ಮನವರು ಗಾಡಿ ತೋರಿಸಲು ಬಂದವರು ಹಾಗೇ ನೆರಳಿಗೆ ಕೂತಿದ್ದರು. ವಕೀಲರು ತಮ್ಮ ಕಿವಿಯಲ್ಲೇ ಏನೋ ಕಡಿತ ಎಂದರು. ಎದುರಿನ ಶೆಡ್ಡಿನಲ್ಲಿ ಉಸ್ತಾದ ನಮ್ಮ ಕಡೆ ಬೆನ್ನು ಮಾಡಿ ಬಾನೆಟ್ಟಿನೊಳಗೆ ಮುಳುಗಿದ್ದ.

ಮೇಜಿನ ಹಿಂದೆ ಕೂತ ಹುಡುಗಿ ಪುಣೆಯ ಕಡೆಯವಳು, ಮರಾಠಿಯವಳು. ಚೀಟಿಗಳನ್ನು ರಜಿಸ್ಟರಿಗೆ ಇಳಿಸಿಕೊಂಡು ಮೈಕಿನಲ್ಲಿ ಕೂಗುತ್ತಿದ್ದಳು. ಒಂಬತ್ತನೆಯ ನಂಬರಿಗೆ "ಉಸ್ತಾದ" ಎಂದೇ ಕೂಗಿದಳು. ಮೈಕಿನ ಬಾಯಿ ನೇರ ಶೆಡ್ಡಿನ ಕಡೆಗಿತ್ತು. ಅವನ ಬೆನ್ನು ಅಲ್ಲಾಡಲಿಲ್ಲ. ನಾನು ನನ್ನ ಚಪ್ಪಲಿ ನೋಡಿಕೊಂಡೆ. ಹದಿಮೂರಕ್ಕೆ ಮತ್ತೆ ಅದೇ ಹೆಸರು. ಹದಿನಾಲ್ಕಕ್ಕೂ ಅದೇ. ತಲೆ ಎತ್ತಿದೆ. ಫೌಜದಾರರು ತಮ್ಮ ಬೂಟು ನೋಡಿಕೊಳ್ಳುತ್ತಿದ್ದರು. ಇಪ್ಪತ್ತೊಂದು, ಅದೇ. ವಕೀಲರ ಕಿವಿಯ ಕಡಿತ ನಿಂತು ಮುಖ ಕೆಂಪಾಯಿತು. ಉದಗೀರದ ಅಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡು ಅಲುಗಾಡಿ ನಗುತ್ತಿದ್ದರು.

"ಅಹೋ, ಏಕಾಚ್ ನಾವಾಚಿ ಕಿತಿ ಮಾಣಸಂ ಆಹೇತ ತುಮಚ್ಯಾ ಗಾವಾತ?" ಎಂದು ಹುಡುಗಿ ಮೈಕಿನಲ್ಲೇ ಕೇಳಿದಳು. ಒಂದೇ ಹೆಸರಿನ ಮಂದಿ ಎಷ್ಟಪ್ಪಾ ನಿಮ್ಮೂರಲ್ಲಿ ಎಂದು. ಇಷ್ಟು ವರ್ಷ, ಅವನ ಗುಟ್ಟು ತನಗೊಬ್ಬನಿಗೇ ಗೊತ್ತು ಎಂದುಕೊಂಡು ಎಲ್ಲರೂ ಬಾಯಿ ಹೊಲಿದುಕೊಂಡಿದ್ದೆವು. ಯಾರೋ ತೋರಿಸಿದರು, ಹುಡುಗಿ ಎದ್ದು ರಸ್ತೆ ದಾಟಿ ಹೋಗಿ ಅವನ ಭುಜ ತಟ್ಟಿದಳು.

ಅವನು ತಿರುಗಿದ. ಅವಳ ಬಾಯಿ ನೋಡಿದ. ಆಮೇಲೆ ರಸ್ತೆಯಾಚೆ ನಿಂತ ನಮ್ಮನ್ನೆಲ್ಲ ನೋಡಿದ. ಕೈ ಒರೆಸಿಕೊಳ್ಳುತ್ತ, ಅವಸರವಿಲ್ಲದೆ ಬಂದ. ಮುಖದಲ್ಲಿ ರಕ್ತವಿರಲಿಲ್ಲ. ನೇರ ನನ್ನ ಮುಂದೆ ನಿಂತ.

"ಲಿಂಗ ಮುಟ್ಟಿದ್ರಿ, ಅಯ್ಯಾವ್ರ."

"ಬಾಯಿ ಬಿಡಂಗಿಲ್ಲ ಅಂದಿದ್ದೆ," ಎಂದೆ. "ಬರಿಯಂಗಿಲ್ಲ ಅಂದಿದ್ದಿಲ್ಲ."

ಬೇರೆ ದಿನವಾಗಿದ್ದರೆ ನಗುತ್ತಿದ್ದ. ಅವತ್ತು ನಗಲಿಲ್ಲ. ಮೇಜಿನ ಮೇಲಿದ್ದ ರಜಿಸ್ಟರನ್ನು ತನ್ನ ಕಡೆ ತಿರುಗಿಸಿಕೊಂಡ. ಮರಾಠಿ ಶಾಲೆಯಲ್ಲಿ ನಾಲ್ಕನೆಯವರೆಗೆ ಓದಿದ್ದ. ಗ್ರೀಸು ಮೆತ್ತಿದ ಬೆರಳನ್ನು ಹೆಸರುಗಳ ಮೇಲೆ ಮೇಲಿನಿಂದ ಕೆಳಕ್ಕೆ ಎಳೆಯತೊಡಗಿದ. ತನ್ನ ಹೆಸರು ಸಿಕ್ಕಲ್ಲೆಲ್ಲ ಬೆರಳು ಅಡ್ಡಕ್ಕೆ ಸರಿದು, ಹೆಸರು ಕೊಟ್ಟವರ ಹೆಸರಿನ ಮೇಲೆ ನಿಲ್ಲುತ್ತಿತ್ತು. ತಲೆ ಎತ್ತಿ ಅವರನ್ನು ಹುಡುಕುತ್ತಿದ್ದ. ಫೌಜದಾರರು. ವಕೀಲರು. ಉದಗೀರದ ಅಮ್ಮನವರು. ಬಂದಿಲ್ಲದವರ ಹೆಸರು ಬಂದಾಗ ರಸ್ತೆಯ ಕಡೆ ನೋಡುತ್ತಿದ್ದ. ಕೊನೆಯ ಪುಟದ ಕೊನೆಯವರೆಗೂ ಹೋದ. ಕಾಗದದ ಮೇಲೆ ಹನ್ನೊಂದು ಕಪ್ಪು ಗುರುತು ಬಿದ್ದಿದ್ದವು.

"ಹನ್ನೊಂದು," ಎಂದ. "ನನ್ನ ಕಡಿ ಬರೂ ಗಾಡಿ ಎಷ್ಟ ಅವ ಗೊತ್ತೇನ್ರಿ, ಅಯ್ಯಾವ್ರ? ಹನ್ನೊಂದ ಅವ."

ನಾನು ಆ ಕಪ್ಪು ಗುರುತುಗಳನ್ನು ಮತ್ತೊಮ್ಮೆ ಎಣಿಸಿದೆ.

"ಎಲ್ಲಾರಿಗೂ ಗೊತ್ತಿತ್ತು?"

ತಲೆ ಆಡಿಸಿದೆ.

ಅವನು ಸುತ್ತ ನಿಂತವರ ಕಡೆ ತಿರುಗಿದ. "ಗೊತ್ತಿದ್ದೂ ಬಂದ್ರಿ?"

ಉದಗೀರದ ಅಮ್ಮನವರು ನೆರಳಿನಿಂದ ಎದ್ದು ಬಂದರು. ಅವನಿಗೆ ತಮ್ಮ ಬಾಯಿ ಕಾಣುವ ಹಾಗೆ ಎದುರಿಗೆ ನಿಂತು, ಸೆರಗು ಗಲ್ಲದಿಂದ ಸರಿಸಿ, ಒಂದೊಂದೇ ಮಾತನ್ನು ಬಿಡಿಸಿ ಹೇಳಿದರು.

"ಗಾಡಿ ಚಾಲೂ ಆಗ್ತಿತ್ತಲ್ಲೋ, ತಮ್ಮಾ. ಮತ್ತ ಎಲ್ಲಿಗಿ ಹೋಗಬೇಕಾಗಿತ್ತು?"

ಅವನು ಅಳುತ್ತಾನೆ ಎಂದುಕೊಂಡೆ, ನನ್ನ ಕಣ್ಣು ಮೊದಲೇ ತುಂಬಿದ್ದವು. ಅವನು ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟ. ಹುಡುಗಿಯ ಮುಂದಿದ್ದ ಕುರ್ಚಿಯನ್ನು ಎಳೆದು, ಅಷ್ಟೂ ಮಂದಿಗೆ ಎದುರಾಗಿ ಕೂತ.

"ಎರಡೂ ಕಿವಿ ಕೇಳಸಂಗಿಲ್ಲ ನೋಡ್ರಿ, ಅಕ್ಕಾರ," ಎಂದ, ಹೆದ್ದಾರಿಯವರೆಗೂ ಕೇಳುವ ಹಾಗೆ.